ಹಕ್ಕಿಮರಿ ಕೆಳಗೆ ಬಿದ್ದಿದೆ, ಏನು ಮಾಡೋದು? ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮುಂಗಾರಿಗೆ ಮುಂಚಿನ ಗಾಳಿಮಳೆ ಶುರುವಾಗಿದೆ. ಗ್ರೂಪಿನಲ್ಲಿ ಈಗ ಬಿದ್ದ ಗೂಡು, ಹಕ್ಕಿಮರಿಗಳ ಫೋಟೋಗಳೇ ಜಾಸ್ತಿ. ಕಾಡು ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯೆ ನಮ್ಮ ಡಾಕ್ಟರ್ ಮೇಡಂ ಇವತ್ತು ಸಂಜೆವರೆಗೆ ಉತ್ತರ ಕೊಡುತ್ತಾರೆ. ಊರಿನ ಹೆಸರು ಹಾಕಿ, ಸಾಧ್ಯವಾದರೆ ಮರಿಯ ಫೋಟೋ ಹಾಕಿ. ಯಾರ ಮೊಬೈಲ್ ನಂಬರನ್ನೂ ಇಲ್ಲಿ ಹಾಕಬೇಡಿ.

ಪ್ರಶ್ನೆ (ತುಮಕೂರು): ಮೇಡಂ, ಬೆಳಿಗ್ಗೆ ಗೇಟಿನ ಹತ್ತಿರ ಒಂದು ಮರಿ ಸಿಕ್ಕಿತು. ಮೈತುಂಬ ಪುಕ್ಕ ಇದೆ, ಬಾಲ ಮಾತ್ರ ಗಿಡ್ಡ. ತಲೆ ಮೇಲೆ ಸಣ್ಣ ಜುಟ್ಟು. ಕುಪ್ಪಳಿಸುತ್ತೆ, ಹಾರೋಕೆ ಬರ್ತಿಲ್ಲ. ಸದ್ಯಕ್ಕೆ ರಟ್ಟಿನ ಡಬ್ಬದಲ್ಲಿ ಇಟ್ಟಿದ್ದೇನೆ. ನಮ್ಮ ಅತ್ತೆ ಇಂಕ್ ಫಿಲ್ಲರಿನಲ್ಲಿ ಹಾಲು ಹಾಕೋಣ ಅಂತಿದ್ದಾರೆ. ಹಾಕಬಹುದಾ?

ಡಾಕ್ಟರ್: ಹಾಲು ಬೇಡವೇ ಬೇಡ. ಹಕ್ಕಿಗಳು ಹಾಲು ಕುಡಿದು ಬೆಳೆಯುವ ಜೀವಿಗಳಲ್ಲ, ಅವುಗಳ ಹೊಟ್ಟೆಗೆ ಹಾಲು ಅರಗುವುದಿಲ್ಲ. ಅತ್ತೆಯವರಿಗೆ ನಾನು ಹೇಳಿದೆ ಅಂತಲೇ ಹೇಳಿ.

ಫೋಟೋ ನೋಡಿದೆ. ಇದು ಕೆಮ್ಮೀಸೆ ಪಿಕಳಾರದ ಮರಿ, ಬುಲ್‌ಬುಲ್ ಅಂತೀವಲ್ಲ, ಅದೇ. ಕೆನ್ನೆಯ ಕೆಂಪು ಇನ್ನೂ ಬಂದಿಲ್ಲ, ದೊಡ್ಡದಾದ ಮೇಲೆ ಬರುತ್ತೆ. ಇದಕ್ಕೆ ಏನೂ ಆಗಿಲ್ಲ. ಇದು ಗೂಡಿನಿಂದ ಬಿದ್ದ ಮರಿಯಲ್ಲ, ಗೂಡು ಬಿಟ್ಟು ಹೊರಗೆ ಬಂದ ಮರಿ. ಪಿಕಳಾರದ ಮರಿಗಳು ಹುಟ್ಟಿ ಎರಡು ವಾರ ತುಂಬುವ ಮೊದಲೇ ಗೂಡು ಬಿಡುತ್ತವೆ. ಆಗ ರೆಕ್ಕೆಯಲ್ಲಿ ಬಲ ಇರುವುದಿಲ್ಲ. ಕೆಲವು ದಿನ ನೆಲದಲ್ಲಿ, ಪೊದೆಯಲ್ಲಿ ಕುಪ್ಪಳಿಸಿಕೊಂಡೇ ಇರುತ್ತವೆ. ಅಪ್ಪ ಅಮ್ಮ ಎರಡೂ ಹುಡುಕಿಕೊಂಡು ಬಂದು ತಿನ್ನಿಸುತ್ತವೆ.

ಈಗಲೇ ಡಬ್ಬದಿಂದ ತೆಗೆದು ಗೇಟಿನ ಹತ್ತಿರ ಇರುವ ಗಿಡದ ಕೊಂಬೆ ಮೇಲೆ ಕೂರಿಸಿ. ನೆಲಕ್ಕಿಂತ ಎದೆಮಟ್ಟ ಒಳ್ಳೆಯದು. ದಾಸವಾಳವೋ ಕ್ರೋಟನ್ನೋ ಯಾವುದಾದರೂ ಆಗುತ್ತೆ, ಎಲೆ ದಟ್ಟವಾಗಿದ್ದರೆ ಸಾಕು. ಆಮೇಲೆ ನೀವೆಲ್ಲ ಒಳಗೆ ಹೋಗಿ ಕಿಟಕಿಯಿಂದ ನೋಡಿ. ಪಕ್ಕದಲ್ಲೇ ನಿಂತು ವಿಡಿಯೋ ಮಾಡುತ್ತಿದ್ದರೆ ತಾಯಿ ಹತ್ತಿರ ಬರುವುದಿಲ್ಲ. ಬೀದಿನಾಯಿ, ಬೆಕ್ಕು ಇದ್ದರೆ ಅವನ್ನು ಸ್ವಲ್ಪ ಹೊತ್ತು ದೂರ ಇಡಿ.

ಸದಸ್ಯರು (ಹಾಸನ): ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸೋದಿಲ್ಲ ಅಂತಾರಲ್ಲ ಮೇಡಂ? ಇವರು ಆಗಲೇ ಮುಟ್ಟಿಬಿಟ್ಟಿದ್ದಾರೆ.

ಡಾಕ್ಟರ್: ಈ ಮಾತು ನಮ್ಮ ಊರುಗಳಲ್ಲಿ ಎಲ್ಲ ಕಡೆ ಇದೆ. ನಿಜ ಅಲ್ಲ. ಹಕ್ಕಿಗಳು ಮರಿಯನ್ನು ಗುರುತಿಸುವುದು ಅದರ ಕೂಗು ಕೇಳಿ, ಅದು ಇರುವ ಜಾಗ ನೋಡಿ. ಕೈವಾಸನೆ ಹಿಡಿದು ಮರಿ ಬಿಟ್ಟು ಹೋಗುವುದಿಲ್ಲ. ಪಕ್ಷಿ ವಿಜ್ಞಾನಿಗಳು ಗೂಡಿನಿಂದ ಮರಿ ತೆಗೆದು, ಕಾಲಿಗೆ ಉಂಗುರ ಹಾಕಿ, ವಾಪಸ್ ಇಡುತ್ತಾರೆ. ತಾಯಿ ಬಂದು ಎಂದಿನಂತೆ ಸಾಕುತ್ತದೆ. ಮಕ್ಕಳು ಗೂಡಿಗೆ ಕೈ ಹಾಕದಿರಲಿ ಅಂತ ಹಿರಿಯರು ಹೇಳಿದ್ದಿರಬಹುದು, ಅಷ್ಟಕ್ಕೆ ಒಳ್ಳೆಯ ಮಾತೇ. ಆದರೆ ಇದನ್ನು ನಂಬಿ ಜನ ಆರೋಗ್ಯವಾಗಿರುವ ಮರಿಯನ್ನು ಗೂಡಿಗೆ ಇಡದೆ ನನ್ನ ಹತ್ತಿರ ತರುತ್ತಾರೆ. ನಾನು ಎಷ್ಟು ಓದಿದ್ದರೂ ಪಿಕಳಾರದ ಅಮ್ಮನಷ್ಟು ಚೆನ್ನಾಗಿ ಪಿಕಳಾರ ಸಾಕೋಕೆ ನನಗೆ ಬರಲ್ಲ.

ಪ್ರಶ್ನೆ ಕೇಳಿದವರು (ತುಮಕೂರು): ಮೇಡಂ, ದಾಸವಾಳದ ಮೇಲೆ ಬಿಟ್ಟೆ. ಒಂದು ಗಂಟೆ ಯಾವುದೂ ಬರಲಿಲ್ಲ. ಈಗ ಎರಡು ಹಕ್ಕಿ ಬಂದಿವೆ, ಒಂದು ಬಾಯಲ್ಲಿ ಹುಳ ಹಿಡಿದುಕೊಂಡಿದೆ! ಅತ್ತೆ ಕಿಟಕಿ ಬಿಟ್ಟು ಏಳ್ತಾನೇ ಇಲ್ಲ.

ಡಾಕ್ಟರ್: ಮುಗೀತು ನಿಮ್ಮ ಕೆಲಸ. ಸಂಜೆ ಮರಿ ಕಾಣದಿದ್ದರೆ ಗಾಬರಿ ಬೇಡ. ಅವು ಜಾಗ ಬದಲಾಯಿಸುತ್ತಲೇ ಇರುತ್ತವೆ.

ಪ್ರಶ್ನೆ (ಬೆಂಗಳೂರು, ಜಯನಗರ): ನಮ್ಮ ರಸ್ತೆಯಲ್ಲಿ ಮರದ ಕೊಂಬೆ ಕಡಿದರು. ಗೂಡು ಸಮೇತ ಎರಡು ಮರಿ ಬಿದ್ದಿವೆ. ಪುಕ್ಕವೇ ಇಲ್ಲ, ಗುಲಾಬಿ ಮೈ, ಕಣ್ಣು ಮುಚ್ಚಿದೆ. ಒಂದು ತಣ್ಣಗಿದೆ, ಅಲುಗಾಡೋದು ಕಡಿಮೆ. ಗೂಡು ಚೂರುಚೂರಾಗಿದೆ. ಹಸಿದಿರಬೇಕು, ಬಾಯಿ ತೆರೀತಿವೆ. ನೆನೆಸಿದ ಬ್ರೆಡ್ ಕೊಡಲಾ?

ಡಾಕ್ಟರ್: ಬ್ರೆಡ್ ಪಕ್ಕಕ್ಕಿಡಿ. ಮೊದಲು ಶಾಖ ಕೊಡಿ.

ಪುಕ್ಕ ಇಲ್ಲದ ಮರಿ ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ಅಮ್ಮ ಮೇಲೆ ಕೂತರೇ ಅದಕ್ಕೆ ಬಿಸಿ. ಮೈ ತಣ್ಣಗಾದಾಗ ಹೊಟ್ಟೆಯ ಕೆಲಸವೂ ನಿಲ್ಲುತ್ತದೆ. ಆಗ ಏನು ತಿನ್ನಿಸಿದರೂ ಒಳಗೇ ಉಳಿದು ಕೊಳೆಯುತ್ತದೆ. ತಣ್ಣಗಿರುವ ಮರಿಗೆ ಪ್ರೀತಿಯಿಂದ ತಿನ್ನಿಸಿ ಸಾಯಿಸಿದವರನ್ನು ತುಂಬಾ ನೋಡಿದ್ದೇನೆ.

ಚಪ್ಪಲಿ ಬಾಕ್ಸ್ ತಗೊಳ್ಳಿ, ಮುಚ್ಚಳಕ್ಕೆ ಪೆನ್ನಿನಿಂದ ನಾಲ್ಕೈದು ತೂತು ಮಾಡಿ. ಒಳಗೆ ಟಿಶ್ಯೂ ಪೇಪರನ್ನು ಬಟ್ಟಲಿನ ಆಕಾರದಲ್ಲಿ ಸುತ್ತಿ, ಅದರೊಳಗೆ ಮರಿ ಇಡಿ. ಕಾಲು ಅಗಲಕ್ಕೆ ಜಾರಬಾರದು, ಮೈಕೆಳಗೆ ಮಡಚಿಕೊಂಡಿರಬೇಕು. ಟರ್ಕಿ ಟವಲ್ ಹಾಕಬೇಡಿ, ಉಗುರು ದಾರಕ್ಕೆ ಸಿಕ್ಕಿಕೊಳ್ಳುತ್ತೆ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಬಾಕ್ಸಿನ ಒಂದು ಪಕ್ಕ ಇಡಿ. ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ನೀರು ಆರಿದ ಕೂಡಲೇ ಬದಲಾಯಿಸಿ, ಇಲ್ಲದಿದ್ದರೆ ಅದೇ ಬಾಟಲಿ ಮರಿಯ ಶಾಖ ಎಳೆದುಕೊಳ್ಳುತ್ತೆ. ಫ್ಯಾನ್ ಆಫ್ ಮಾಡಿ, ಮಕ್ಕಳನ್ನು ದೂರ ಕಳಿಸಿ, ಕತ್ತಲೆ ಇರುವ ಕೋಣೆಯಲ್ಲಿ ಇಡಿ.

ಎರಡೂ ಬೆಚ್ಚಗಾಗಿ ಚುರುಕಾದ ಮೇಲೆ ಹೊಸ ಗೂಡು. ಸಣ್ಣ ಬಿದಿರಿನ ಬುಟ್ಟಿಯೋ ಐಸ್‌ಕ್ರೀಮ್ ಡಬ್ಬಿಯೋ ತಗೊಳ್ಳಿ. ತಳಕ್ಕೆ ತೂತು ಮಾಡಲೇಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಮರಿಗಳು ಮುಳುಗುತ್ತವೆ. ಹಳೆಯ ಗೂಡಿನ ಚೂರನ್ನೆಲ್ಲ ಅದಕ್ಕೆ ತುಂಬಿ, ಸಾಲದಿದ್ದರೆ ಒಣಹುಲ್ಲು ಹಾಕಿ. ಹಸಿ ಹುಲ್ಲು ಬೇಡ, ತಂಪು ಹಿಡಿಯುತ್ತೆ. ಕೊಂಬೆ ಕಡಿದ ಅದೇ ಮರಕ್ಕೆ, ಅದಾಗದಿದ್ದರೆ ಪಕ್ಕದ ಮರಕ್ಕೆ, ಬಿಸಿಲು ನೇರ ಬೀಳದ ಕಡೆ ಕಟ್ಟಿ. ದೂರದಿಂದ ಎರಡು ಗಂಟೆ ಕಾಯಿರಿ. ತಾಯಿ ಬಂದು ಕೂತರೆ, ತಿನ್ನಿಸಿದರೆ ಸರಿ.

ಬರಲಿಲ್ಲ ಅಂದರೆ ಮತ್ತೆ ಬೆಚ್ಚಗಿನ ಬಾಕ್ಸಿಗೆ ಹಾಕಿಕೊಂಡು ನೇರ ಹಕ್ಕಿ ಆಸ್ಪತ್ರೆಗೆ ಹೋಗಿ. ಬೆಂಗಳೂರಿನಲ್ಲಿ ನಿಮಗೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ. ಹಕ್ಕಿ ಮತ್ತು ಸರೀಸೃಪಗಳಿಗೆ ಅಂತಲೇ ಎಆರ್‌ಆರ್‌ಸಿ ಎಂಬ ಪುನರ್ವಸತಿ ಕೇಂದ್ರ ಇದೆ. ಬೇರೆ ಊರಿನವರು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೀದಿ ಕೊನೆಯ ನಾಯಿ ಬೆಕ್ಕಿನ ಕ್ಲಿನಿಕ್ಕಿಗೆ ಹೋಗುವ ಮುಂಚೆ ಹಕ್ಕಿ ನೋಡ್ತಾರಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ.

ಸದಸ್ಯರು (ಬೆಂಗಳೂರು): ಕೊಂಬೆ ಕಡಿಯೋದನ್ನ ಈ ತಿಂಗಳಲ್ಲೇ ಮಾಡಬೇಕಾ ಇವರು?

ಡಾಕ್ಟರ್: ನನ್ನ ಪ್ರಶ್ನೆಯೂ ಅದೇ. ನಮ್ಮ ಕಡೆ ಬೇಸಿಗೆಯಿಂದ ಮಳೆಗಾಲದವರೆಗೆ ಹೆಚ್ಚಿನ ಹಕ್ಕಿಗಳಿಗೆ ಗೂಡಿನ ಕಾಲ. ಅಪಾಯದ ಕೊಂಬೆ ಆದರೆ ಕಡಿಯಲೇಬೇಕು, ಅದು ಬೇರೆ ಮಾತು. ಆದರೆ ನಿಮ್ಮ ಮನೆ ಮುಂದಿನ ಬೇಲಿ ಸವರುವುದು, ಮಾವಿನ ಮರ ಸವರುವುದು ನಿಮ್ಮ ಕೈಯಲ್ಲೇ ಇದೆಯಲ್ವಾ? ಅದನ್ನು ಚಳಿಗಾಲದ ಆರಂಭಕ್ಕೆ ಇಟ್ಟುಕೊಳ್ಳಿ. ಆಗಲೂ ಒಮ್ಮೆ ಮೇಲೆ ನೋಡಿ, ಪಾರಿವಾಳದಂಥವು ವರ್ಷಪೂರ್ತಿ ಮೊಟ್ಟೆ ಇಡುತ್ತವೆ.

ಪ್ರಶ್ನೆ (ಕಲಬುರಗಿ): ನಮ್ಮಲ್ಲಿ ಬಿಸಿಲು ಬೆಂಕಿ. ಮರಿ ಬಾಯಿ ತೆಗೆದು ಏದುಸಿರು ಬಿಡಾಕತ್ತದ. ಒಂದು ಹನಿ ನೀರಾದರೂ ಹಾಕಬೇಕಲ್ರೀ ಮೇಡಂ?

ಡಾಕ್ಟರ್: ಬಾಯಿಗೆ ಹಾಕಬೇಡಿ ಸರ್. ಹಕ್ಕಿಯ ಬಾಯಿ ತೆರೆದರೆ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ತೂತು ಕಾಣುತ್ತೆ. ಅದು ಉಸಿರಿನ ದಾರಿ. ನೀವು ಬಿಟ್ಟ ಹನಿ ಸೀದಾ ಅಲ್ಲಿಗೆ ಇಳಿಯಬಹುದು. ನಿಮ್ಮ ಕಣ್ಣೆದುರೇ ಸಾಯಬಹುದು, ಇಲ್ಲವೇ ಎರಡು ದಿನ ಬಿಟ್ಟು ನ್ಯುಮೋನಿಯಾ ಆಗಬಹುದು. ಗೂಡಿನ ಮರಿಗೆ ನೀರು ಸಿಗುವುದು ಹುಳ, ಹಣ್ಣುಗಳಿಂದಲೇ.

ಬಿಸಿಲಿಗೆ ಬಾಯಿ ತೆಗೆದಿದ್ದರೆ ಮೊದಲು ನೆರಳಿಗೆ ತನ್ನಿ, ಗಾಳಿ ಆಡುವ ಬಾಕ್ಸಿನಲ್ಲಿಡಿ. ನಿಮ್ಮ ಊರಿನ ಮೇ ತಿಂಗಳಿಗೆ ಬಿಸಿನೀರಿನ ಬಾಟಲಿ ಬೇಡ! ಪುಕ್ಕ ಬಂದಿರುವ ದೊಡ್ಡ ಮರಿಯಾದರೆ ಪಕ್ಕದಲ್ಲಿ ಬಾಟಲಿ ಮುಚ್ಚಳದಷ್ಟು ನೀರಿಡಿ, ಬೇಕಾದರೆ ಅದೇ ಕುಡಿಯಲಿ.

ಪ್ರಶ್ನೆ (ಶಿವಮೊಗ್ಗ): ನಮ್ಮ ಬೆಕ್ಕು ಗೊರವಂಕದ ಮರಿ ಕಚ್ಚಿಕೊಂಡು ಬಂತು. ಬಿಡಿಸಿದೆವು. ಗಾಯ ಏನೂ ಕಾಣಿಸ್ತಿಲ್ಲ, ಚೆನ್ನಾಗೇ ಓಡಾಡ್ತಿದೆ. ಹೊರಗೆ ಬಿಡಬಹುದಾ?

ಡಾಕ್ಟರ್: ಬಿಡಬೇಡಿ. ಇವತ್ತು ಬಂದ ಪ್ರಶ್ನೆಗಳಲ್ಲಿ ಇದೇ ನಿಜವಾದ ತುರ್ತು. ಬೆಕ್ಕಿನ ಹಲ್ಲು ಸೂಜಿಯಂಥದ್ದು, ತೂತು ಪುಕ್ಕದ ಒಳಗೆ ಮುಚ್ಚಿಹೋಗಿರುತ್ತೆ. ಬೆಕ್ಕಿನ ಬಾಯಲ್ಲಿರುವ ಪಾಶ್ಚರೆಲ್ಲಾ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಮರಿ ಹೋಗುತ್ತೆ. ಆಂಟಿಬಯೋಟಿಕ್ ಬೇಗ ಸಿಕ್ಕರೆ ಉಳಿಯುವ ಅವಕಾಶ ಇದೆ. ಇವತ್ತೇ ಪಶುವೈದ್ಯರಿಗೆ ತೋರಿಸಿ, ‘ಬೆಕ್ಕು ಕಚ್ಚಿದೆ’ ಅಂತ ಬಾಯಿಬಿಟ್ಟು ಹೇಳಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಅರೆದು ಕೊಡಬೇಡಿ. ಇಷ್ಟು ಸಣ್ಣ ಜೀವಕ್ಕೆ ಔಷಧದ ಲೆಕ್ಕ ತೂಕ ನೋಡಿಯೇ ಹಾಕಬೇಕು.

ಹಾಗೇ ರಕ್ತ ಸುರಿಯುತ್ತಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ, ಮೈಮೇಲೆ ನೊಣದ ಮೊಟ್ಟೆಯೋ ಹುಳವೋ ಕಂಡರೆ ತಾಯಿಗೆ ಕಾಯುವ ಮಾತೇ ಇಲ್ಲ. ಅಂಥ ಮರಿಗೆ ಬೇಕಾದ್ದು ಆಸ್ಪತ್ರೆ.

ಪ್ರಶ್ನೆ (ಮೈಸೂರು): ಕೋಗಿಲೆ ಮರಿಯೊಂದು ಕಾಂಪೌಂಡ್ ಮೇಲೆ ಕೂತಿದೆ. ಕಾಗೆಗಳು ಸುತ್ತ ಹಾರಾಡ್ತಿವೆ. ಕುಕ್ಕಿ ಸಾಯಿಸ್ತಾವೆ ಅಂತ ಬೆಳಿಗ್ಗೆಯಿಂದ ಕೋಲು ಹಿಡಿದು ಓಡಿಸ್ತಾ ಇದ್ದೇನೆ.

ಡಾಕ್ಟರ್: ಸ್ವಲ್ಪ ಕೋಲು ಕೆಳಗಿಡಿ ಸರ್. ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆ ಗೂಡಿನಲ್ಲಿ ಮೊಟ್ಟೆ ಇಡುತ್ತೆ, ಕಾಗೆಯೇ ಮರಿ ಸಾಕುತ್ತೆ. ಗೂಡು ಬಿಟ್ಟ ಮೇಲೂ ಕೆಲವು ದಿನ ತಿನ್ನಿಸುತ್ತೆ. ನೀವು ಓಡಿಸುತ್ತಿರುವುದು ಅದರ ಸಾಕುತಾಯಿಯನ್ನೇ ಇರಬಹುದು! ದೂರ ಹೋಗಿ ಹದಿನೈದು ನಿಮಿಷ ನೋಡಿ. ಮರಿ ರೆಕ್ಕೆ ನಡುಗಿಸಿ ಬಾಯಿ ತೆರೆದರೆ, ಕಾಗೆ ಅದರ ಬಾಯಿಗೆ ಏನಾದರೂ ಹಾಕಿದರೆ, ಎಲ್ಲ ಸರಿಯಾಗಿದೆ. ಮರಿ ತಲೆ ತಗ್ಗಿಸಿ ಅಡಗುತ್ತಿದ್ದು ಕಾಗೆಗಳು ನಿಜವಾಗಿಯೂ ಕುಕ್ಕುತ್ತಿದ್ದರೆ, ಬಟ್ಟೆ ಹಾಕಿ ಹಿಡಿದು ಬಾಕ್ಸಿಗೆ ಹಾಕಿ, 1926ಕ್ಕೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರು (ಮೈಸೂರು): ತಿನ್ನಿಸ್ತು ಮೇಡಂ. ಇಡ್ಲಿ.

ಡಾಕ್ಟರ್: ಮೈಸೂರು ಕಾಗೆ ಅಲ್ವಾ.

ಪ್ರಶ್ನೆ (ಹುಬ್ಬಳ್ಳಿ): ನಮ್ಮ ಅಪಾರ್ಟ್‌ಮೆಂಟಿನ ಡಕ್ಟ್‌ನಲ್ಲಿ ಗೂಬೆ ಮರಿಗಳಿವೆ. ಬಿಳಿ ಮುಖ, ಹಾವಿನ ಥರ ಬುಸುಗುಡ್ತವೆ. ರಾತ್ರಿ ಶಬ್ದಕ್ಕೆ ಯಾರಿಗೂ ನಿದ್ದೆ ಇಲ್ಲ. ಅಪಶಕುನ ಅಂತ ಕೆಲವರು ತೆಗೆಸಬೇಕು ಅಂತಿದ್ದಾರೆ. ಒಂದು ಮರಿ ತೀರಾ ಸಣ್ಣದಿದೆ, ಅದಕ್ಕೆ ಕಾಯಿಲೆಯಾ?

ಡಾಕ್ಟರ್: ಇವು ಕಣಜ ಗೂಬೆ. ಕಾಯಿಲೆ ಅಲ್ಲ. ಈ ಗೂಬೆ ಮೊಟ್ಟೆಗಳನ್ನು ಒಂದೇ ದಿನ ಇಡುವುದಿಲ್ಲ, ಎರಡು ಮೂರು ದಿನಕ್ಕೆ ಒಂದರಂತೆ ಇಡುತ್ತದೆ. ಮೊದಲ ಮೊಟ್ಟೆ ಇಟ್ಟಾಗಲೇ ಕಾವಿಗೂ ಕೂರುತ್ತದೆ. ಹಾಗಾಗಿ ಮರಿಗಳೂ ಒಂದಾದ ಮೇಲೆ ಒಂದು ಹೊರಬರುತ್ತವೆ. ಅಣ್ಣತಮ್ಮಂದಿರು ಬೇರೆ ಬೇರೆ ಸೈಜಿನಲ್ಲಿ ಇರುವುದು ಅದಕ್ಕೇ.

ಬುಸುಗುಟ್ಟುವುದು ಹಸಿವಿಗೆ, ಹೆದರಿಕೆಗೆ. ಹುಟ್ಟಿ ಸುಮಾರು ಎರಡು ತಿಂಗಳಿಗೆ ಹಾರಿಹೋಗುತ್ತವೆ. ಅಲ್ಲಿವರೆಗೆ ತಡೆದುಕೊಳ್ಳಿ. ಅಷ್ಟು ದಿನ ನಿಮ್ಮ ಪಾರ್ಕಿಂಗಿನ ಇಲಿಗಳನ್ನು ಅಪ್ಪ ಅಮ್ಮ ಹೊತ್ತು ತಂದು ಮರಿಗಳಿಗೆ ಹಾಕುತ್ತಿರುತ್ತವೆ, ವೈರ್ ಕಡಿಯುವ ಇಲಿಗಳನ್ನೇ. ಹಾರಿಹೋದ ಮೇಲೆ ಡಕ್ಟ್‌ಗೆ ಮೆಶ್ ಹಾಕಿಸಿ. ಮರಿ ಇರುವಾಗ ಹಾಕಿಸಿದರೆ ಒಳಗೇ ಹಸಿದು ಸಾಯುತ್ತವೆ. ತೆಗೆಸಿ ಬಿಸಾಡಿದರೆ ಅದು ಅಪರಾಧ, ಅಸೋಸಿಯೇಷನ್ ಮೀಟಿಂಗಿನಲ್ಲಿ ಹೇಳಿಬಿಡಿ.

ಇನ್ನೊಂದು. ಅಪಾರ್ಟ್‌ಮೆಂಟ್ ಹೆಸರು, ಫೋಟೋ ಎಲ್ಲೂ ಹಾಕಬೇಡಿ. ಮಾಟ ಮಂತ್ರದ ಹೆಸರಲ್ಲಿ ಗೂಬೆ ಕದಿಯುವವರು ಈಗಲೂ ಇದ್ದಾರೆ. ದೀಪಾವಳಿ ಹತ್ತಿರ ಬಂದರೆ ಇನ್ನೂ ಜಾಸ್ತಿ.

ಪ್ರಶ್ನೆ (ಚಿತ್ರದುರ್ಗ): ಹೊಲ ಉಳುವಾಗ ನಾಲ್ಕು ಪುಟ್ಟ ಮರಿ ಕಂಡವು. ಟಿಟ್ಟಿಭದ್ದು ಅನ್ನಿಸುತ್ತೆ. ದೊಡ್ಡ ಹಕ್ಕಿ ತಲೆ ಮೇಲೆ ಹಾರಿ ಕಿರುಚಾಡುತ್ತೆ. ಮರಿ ಸತ್ತಂತೆ ಬಿದ್ದಿವೆ. ಮನೆಗೆ ತರಲಾ? ಪಕ್ಕದ ಹೊಲದಲ್ಲಿ ನವಿಲಿನ ಮೊಟ್ಟೆಯೂ ಸಿಕ್ಕಿದೆ, ಕೋಳಿ ಕೆಳಗೆ ಇಡೋಣ ಅಂತ ನಮ್ಮ ಚಿಕ್ಕಪ್ಪ ಹೇಳ್ತಾರೆ.

ಡಾಕ್ಟರ್: ಮರಿ ಸತ್ತಿಲ್ಲ, ನಾಟಕ. ಅಮ್ಮ ಕೂಗಿದ ಕೂಡಲೇ ಮಣ್ಣಿಗೆ ಅಂಟಿಕೊಂಡು ಅಲುಗಾಡದೆ ಬಿದ್ದಿರುತ್ತವೆ. ಟಿಟ್ಟಿಭದ ಮರಿ ಗೂಡಿನ ಮರಿಯಲ್ಲ. ಮೊಟ್ಟೆಯೊಡೆದು ಮೈ ಒಣಗಿದ ಮೇಲೆ ಎದ್ದು ಓಡುತ್ತೆ, ತಾನೇ ಹುಳ ಹೆಕ್ಕಿ ತಿನ್ನುತ್ತೆ. ಕೋಳಿಮರಿ ನೋಡಿದ್ದೀರಲ್ಲ, ಆ ಜಾತಿ. ಅಮ್ಮ ಮಾಡುವುದು ಕಾವಲು, ಚಳಿ ಮಳೆಯಲ್ಲಿ ರೆಕ್ಕೆ ಕೆಳಗೆ ಜಾಗ. ಎತ್ತಿಕೊಂಡು ಬಂದರೆ ಇದನ್ನೆಲ್ಲ ಕಿತ್ತುಕೊಂಡ ಹಾಗೆ. ಟ್ರ್ಯಾಕ್ಟರ್ ಐದು ನಿಮಿಷ ನಿಲ್ಲಿಸಿ, ಮರಿಗಳನ್ನು ಉಳದ ಬದುವಿನ ಕಡೆ ಹತ್ತಿರದಲ್ಲೇ ಬಿಟ್ಟು ದೂರ ಸರಿಯಿರಿ. ತಾಯಿ ಕರೆದುಕೊಳ್ಳುತ್ತೆ.

ನವಿಲಿನ ಮೊಟ್ಟೆ ಕೋಳಿ ಕೆಳಗೆ ಇಡಬಾರದು. ಮರಿ ಹೊರಬರುತ್ತೆ, ನಿಜ. ಆದರೆ ಕೋಳಿಯ ರೋಗ ಅದಕ್ಕೆ ಬರುತ್ತೆ, ಮನುಷ್ಯರ ಅಂಗಳಕ್ಕೆ ಒಗ್ಗಿಹೋಗುತ್ತೆ. ಕಾನೂನು ಬೇರೆ ಇದೆ. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಆ ಕಾನೂನಿಗೆ ಮೊಟ್ಟೆಯೂ ಒಂದೇ, ಹಕ್ಕಿಯೂ ಒಂದೇ. ಮೊಟ್ಟೆ ಇರುವ ಕಡೆ ನಾಲ್ಕು ಹೆಜ್ಜೆ ಜಾಗ ಉಳದೆ ಬಿಡಲು ಆಗುತ್ತಾ ನೋಡಿ. ಆಗದಿದ್ದರೆ ಮೊಟ್ಟೆ ಮುಟ್ಟುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

ಸದಸ್ಯರು (ಮದ್ದೂರು): ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮರಿ ಬಿದ್ದರೆ ಊರವರೇ ಸಾಕ್ತಾರಲ್ಲ ಮೇಡಂ? ಹಾಗಾದರೆ ಮನೆಯಲ್ಲಿ ಸಾಕಬಾರದು ಅನ್ನೋದು ಹೇಗೆ?

ಡಾಕ್ಟರ್: ಒಳ್ಳೆಯ ಪ್ರಶ್ನೆ. ಅಲ್ಲಿ ಊರೊಳಗಿನ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಎತ್ತರದಿಂದ ಬಿದ್ದ ಮರಿಯನ್ನು ತಾಯಿ ನೆಲಕ್ಕೆ ಇಳಿದು ಸಾಕುವುದಿಲ್ಲ. ಆ ಮರಿಗಳಿಗಾಗಿ ಊರಿನ ಹೆಜ್ಜಾರ್ಲೆ ಬಳಗದವರು ಬೇಲಿ ಹಾಕಿ, ಮೀನು ಹಾಕಿ ಬೆಳೆಸುತ್ತಾ ಬಂದರು. ಮರಿಗಳು ಅಲ್ಲಿ ಒಟ್ಟಿಗೆ, ತಮ್ಮವರ ಕಣ್ಣೆದುರೇ ಬೆಳೆಯುತ್ತವೆ. ರೆಕ್ಕೆ ಬಲಿತ ಮೇಲೆ ತಮ್ಮ ಗುಂಪಿಗೇ ಸೇರುತ್ತವೆ. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಅಲ್ಲಿ ಇಡೀ ಊರು, ಅರಣ್ಯ ಇಲಾಖೆ ಎಲ್ಲ ಸೇರಿವೆ. ಒಂದು ಮರಿಯನ್ನು ಫ್ಲ್ಯಾಟಿನ ಪಂಜರದಲ್ಲಿ ಇಟ್ಟುಕೊಳ್ಳುವುದು ಅದರ ಹತ್ತಿರಕ್ಕೂ ಬರುವುದಿಲ್ಲ.

ಪ್ರಶ್ನೆ (ದಾವಣಗೆರೆ): ಗಿಳಿ ಮರಿ ಸಿಕ್ಕಿದೆ. ಮಗ ಸಾಕಲೇಬೇಕು ಅಂತ ಹಟ. ಚೆನ್ನಾಗಿ ನೋಡಿಕೊಳ್ತೀವಿ. ಪಂಜರದ ಬಾಗಿಲೂ ಹಾಕಲ್ಲ.

ಡಾಕ್ಟರ್: ಪ್ರೀತಿ ಅರ್ಥವಾಗುತ್ತೆ, ಆದರೂ ಆಗಲ್ಲ. ನಮ್ಮ ದೇಶದ ಕಾಡು ಗಿಳಿ ಯಾವುದನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ, ಅದೇ 1972ರ ಕಾಯ್ದೆ. ಬಾಗಿಲು ತೆರೆದಿಟ್ಟರೂ ಲೆಕ್ಕ ಒಂದೇ. ಮರ ಕಡಿದಿದ್ದರಿಂದ ಪೊಟರೆ ಹೋಗಿದ್ದರೆ ಹಕ್ಕಿಗಳ ಪುನರ್ವಸತಿ ಕೇಂದ್ರಕ್ಕೆ ಕೊಡಿ. ಪೊಟರೆ ಇದ್ದು ಕೈಗೆ ಎಟುಕಿದರೆ ವಾಪಸ್ ಇಡಿ. ಮಗನಿಗೆ ಒಂದು ಸಾಧಾರಣ ಬೈನಾಕ್ಯುಲರ್ ಕೊಡಿಸಿ, ಹಟ ಅದರ ಮೇಲೆ ತಿರುಗಬಹುದು.

ಪ್ರಶ್ನೆ (ಉಡುಪಿ): ಬಾಲ್ಕನಿಯಲ್ಲಿ ಪಾರಿವಾಳದ ಮರಿ, ಹಳದಿ ಕೂದಲು, ದೊಡ್ಡ ಮೂಗು. ಬಾಯೇ ತೆರೆಯುವುದಿಲ್ಲ. ಹಸಿವಿಲ್ಲವಾ?

ಡಾಕ್ಟರ್: ಪಾರಿವಾಳದ ಮರಿ ಬೇರೆ ಮರಿಗಳಂತೆ ಬಾಯಿ ತೆರೆದು ಕಾಯುವುದಿಲ್ಲ. ತನ್ನ ಕೊಕ್ಕನ್ನೇ ಅಪ್ಪ ಅಮ್ಮನ ಬಾಯೊಳಗೆ ಹಾಕಿ ತಿನ್ನುತ್ತೆ. ಮೊದಲ ದಿನಗಳಲ್ಲಿ ಎರಡೂ ಸೇರಿ ಗಂಟಲ ಚೀಲದಲ್ಲಿ ತಯಾರಾಗುವ ಮೊಸರಿನಂಥ ಆಹಾರ ಕೊಡುತ್ತವೆ. ಅದನ್ನು ನೀವು ಕೊಡಲಾರಿರಿ. ದೊಡ್ಡ ಪಾರಿವಾಳ ಬಂದು ಹೋಗುತ್ತಿದ್ದರೆ ಸುಮ್ನೆ ಬಿಟ್ಟುಬಿಡಿ. ಬಾಲ್ಕನಿ ತೊಳೆಯುವಾಗ ಒಣ ಹಿಕ್ಕೆ ಗುಡಿಸಬೇಡಿ, ಮಾಸ್ಕ್ ಹಾಕಿಕೊಂಡು ನೀರು ಚಿಮುಕಿಸಿ ಒರೆಸಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಪ್ರಶ್ನೆ (ನ್ಯೂಜೆರ್ಸಿ): ನಮ್ಮ ಹಿತ್ತಿಲಲ್ಲಿ ರಾಬಿನ್ ಮರಿ, ಎದೆ ಮೇಲೆ ಚುಕ್ಕೆ, ಹುಲ್ಲಿನಲ್ಲಿ ಓಡಾಡುತ್ತಿದೆ. ಇಲ್ಲಿಗೂ ಇದೇ ನಿಯಮವಾ ಮೇಡಂ?

ಡಾಕ್ಟರ್: ಹಕ್ಕಿಗೆ ಅದೇ. ನೋಡಿ, ಬಿಡಿ, ಬೆಕ್ಕನ್ನು ಒಳಗೆ ಇಡಿ. ಕಾನೂನು ನಿಮ್ಮಲ್ಲಿ ಬೇರೆ, 1918ರ ವಲಸೆ ಹಕ್ಕಿಗಳ ಕಾಯ್ದೆ ಅಡಿ ರಾಬಿನ್ ಕೂಡ ಬರುತ್ತೆ. ಲೈಸೆನ್ಸ್ ಇರುವ ವನ್ಯಜೀವಿ ರಿಹ್ಯಾಬಿಲಿಟೇಟರ್‌ಗೆ ಮಾತ್ರ ಕೊಡಬೇಕು.

ಪ್ರಶ್ನೆ (ಬೆಳಗಾವಿ): ಕೊನೆಗೆ ನನ್ನದು. ಚಿಕ್ಕಂದಿನಲ್ಲಿ ಸಿಕ್ಕ ಗೊರವಂಕ ಈಗ ದೊಡ್ಡದಾಗಿದೆ. ಅನ್ನ, ಬ್ರೆಡ್, ಬಿಸ್ಕೆಟ್ ತಿನ್ನುತ್ತೆ. ಹೆಗಲ ಮೇಲೆ ಕೂರುತ್ತೆ. ಹಾರೋದು ಕಡಿಮೆ, ಕಾಲು ಸ್ವಲ್ಪ ಸೊಟ್ಟ. ಇವತ್ತಿನ ಮಾತು ಓದಿ ತಪ್ಪು ಮಾಡ್ತಿದ್ದೀನಿ ಅನ್ನಿಸ್ತು. ನಾಳೆ ತೋಟಕ್ಕೆ ಬಿಟ್ಟುಬಿಡಲಾ?

ಡಾಕ್ಟರ್: ನಾಳೆ ಬಿಡಬೇಡಿ. ಅದಕ್ಕೆ ಆಹಾರ ಹುಡುಕಲು ಗೊತ್ತಿಲ್ಲ, ಗಿಡುಗ ಕಂಡರೆ ಅಡಗಲು ಗೊತ್ತಿಲ್ಲ. ಮನುಷ್ಯರನ್ನು ಕಂಡರೆ ಹೆಗಲಿಗೆ ಹಾರುತ್ತೆ, ಎಲ್ಲ ಮನುಷ್ಯರೂ ನಿಮ್ಮಂಥವರಲ್ಲ. ಸೊಟ್ಟ ಕಾಲಿಗೆ ಬಹುಶಃ ಆಹಾರದಲ್ಲಿ ಕ್ಯಾಲ್ಸಿಯಂ ಸಾಲದೇ ಹೋಗಿದ್ದು ಕಾರಣ. ಅನ್ನ, ಬ್ರೆಡ್ಡಿನಲ್ಲಿ ಮೂಳೆ ಬೆಳೆಯುವುದಿಲ್ಲ. ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗೆ ಹುಳವನ್ನೇ ತಂದು ಕೊಡುತ್ತೆ, ಅದಕ್ಕೆ ಕಾರಣ ಇದೆ.

ಅರಣ್ಯ ಇಲಾಖೆಗೆ ಫೋನ್ ಮಾಡಿ, ನಿಮ್ಮ ಕಡೆ ಹಕ್ಕಿಗಳನ್ನು ತೆಗೆದುಕೊಳ್ಳುವ ಪುನರ್ವಸತಿ ಕೇಂದ್ರ ಯಾವುದು ಅಂತ ಕೇಳಿ, ಅಲ್ಲಿಗೆ ಒಪ್ಪಿಸಿ. ಅವರು ಬೇರೆ ಗೊರವಂಕಗಳ ಜೊತೆ ದೊಡ್ಡ ಪಂಜರದಲ್ಲಿ ಇಟ್ಟು, ಹಾರಾಟ ಕಲಿಸಿ, ಸಾಧ್ಯವಾದರೆ ಹೊರಗೆ ಬಿಡುತ್ತಾರೆ. ಕೊಡುವಾಗ ಎಲ್ಲಿ ಸಿಕ್ಕಿತು, ಯಾವ ತಿಂಗಳು, ಏನೇನು ತಿನ್ನಿಸಿದ್ದೀರಿ, ಎಲ್ಲ ಇದ್ದದ್ದು ಇದ್ದ ಹಾಗೆ ಬರೆದುಕೊಡಿ. ಬೈತಾರೆ ಅಂತ ಬಿಸ್ಕೆಟ್ ವಿಷಯ ಮುಚ್ಚಿಡಬೇಡಿ, ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ. ಅಲ್ಲಿವರೆಗೆ ಬ್ರೆಡ್ ನಿಲ್ಲಿಸಿ, ಬೇಯಿಸಿದ ಮೊಟ್ಟೆ ಪುಡಿ ಮಾಡಿ ಕೊಡಿ, ಬೆಳಗಿನ ಎಳೆ ಬಿಸಿಲಿಗೆ ಸ್ವಲ್ಪ ಹೊತ್ತು ಇಡಿ. ಹೆಗಲ ಮೇಲೆ ಕೂರಿಸಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ.